‘ನಾನು ಅರ್ಜೆಂಟ್’ ಅಂದ ಪ್ಯಾಕೆಟ್ಟನ್ನ ಯಾರು ನಂಬ್ತಾರೆ?

ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ. ಓದಲು ಅನುಕೂಲವಾಗಲೆಂದು ಅಲ್ಲಲ್ಲಿ ತುಸು ತಿದ್ದಲಾಗಿದೆ.

ಬೈಕ್ ಮೇಲೆ ‘ಪ್ರೆಸ್’ ಅಂತ ಸ್ಟಿಕ್ಕರ್ ಅಂಟಿಸಿಕೊಂಡು ಓಡಾಡೋರನ್ನ ನೀವೆಲ್ಲ ನೋಡಿರ್ತೀರಿ. ಅವರಲ್ಲಿ ನಿಜವಾದ ಪತ್ರಕರ್ತರು ಎಷ್ಟು ಜನ ಅನ್ನೋದು ಸಿಗ್ನಲ್‌ನಲ್ಲಿ ನಿಂತ ಟ್ರಾಫಿಕ್ ಪೊಲೀಸರಿಗೂ ಗೊತ್ತಾಗಲ್ಲ. ಸ್ಟಿಕ್ಕರ್ ಅಂಟಿಸೋದು ಬಹಳ ಸುಲಭ. ಅದನ್ನ ನೋಡಿ ದಾರಿ ಬಿಡಬೇಕಾ, ಗಾಡಿ ಪಕ್ಕಕ್ಕೆ ಹಾಕಿಸಿ ಐಡಿ ಕಾರ್ಡ್ ಕೇಳಬೇಕಾ ಅನ್ನೋದೇ ತಲೆನೋವು.

ನಿಮ್ಮ ಫೋನಿಂದ ಹೊರಡುವ ಪ್ರತಿಯೊಂದು ಇಂಟರ್ನೆಟ್ ಪ್ಯಾಕೆಟ್ ಮೇಲೂ ಇಂಥದ್ದೇ ಒಂದು ಸ್ಟಿಕ್ಕರ್‌ಗೆ ಜಾಗ ಇದೆ. ಬಹಳ ಚಿಕ್ಕ ಜಾಗ, 6 ಬಿಟ್. ಅಲ್ಲಿ ‘ನಾನು ವಾಯ್ಸ್ ಕಾಲ್, ಬೇಗ ಬಿಡಿ’ ಅಂತ ಬರೀಬಹುದು. ‘ನಾನು ಸಾಫ್ಟ್‌ವೇರ್ ಅಪ್‌ಡೇಟ್, ನಿಧಾನಕ್ಕೆ ಹೋದ್ರೂ ನಡೆಯುತ್ತೆ’ ಅಂತಾನೂ ಬರೀಬಹುದು. ದಾರಿಯಲ್ಲಿರೋ ಸ್ವಿಚ್ಚುಗಳು, ರೂಟರುಗಳು ಅದನ್ನ ಓದಿ ಯಾರನ್ನ ಮುಂದೆ ಬಿಡಬೇಕು, ಯಾರನ್ನ ಕಾಯಿಸಬೇಕು ಅಂತ ತೀರ್ಮಾನ ಮಾಡಬಹುದು. ‘ಮಾಡಬಹುದು’ ಅಂದೆ, ‘ಮಾಡ್ತಾವೆ’ ಅನ್ನಲಿಲ್ಲ. ಇವತ್ತಿನ ಸಂಚಿಕೆ ಪೂರ್ತಿ ಆ ಎರಡು ಪದಗಳ ನಡುವೆ ಇರೋ ಅಂತರದ ಬಗ್ಗೆ. ಸುಮಾರು ಅರವತ್ತು ವರ್ಷದ ಕಥೆ.

ಶುರು ಮಾಡೋಣ, ಅಮೆರಿಕದ ಸೇನೆಯ ಒಂದು ಟೆಲಿಫೋನಿಂದ.

1960ರ ದಶಕದಲ್ಲಿ ಅಮೆರಿಕ ತನ್ನ ಸೇನೆಗೆ ಅಂತಲೇ ಪ್ರತ್ಯೇಕ ಟೆಲಿಫೋನ್ ಜಾಲ ಕಟ್ಟಿತು. ಹೆಸರು ಆಟೋವಾನ್. ಶೀತಲ ಸಮರದ ಕಾಲ, ಅಣು ದಾಳಿ ಆದ್ರೂ ಫೋನ್ ಕೆಲಸ ಮಾಡಬೇಕು ಅನ್ನೋ ಲೆಕ್ಕಾಚಾರ. ಈ ಜಾಲದ ಫೋನುಗಳಲ್ಲಿ 12 ಬಟನ್ ಬದಲು 16 ಬಟನ್ ಇರ್ತಿದ್ದವು. ಬಲಗಡೆ ಒಂದು ಹೆಚ್ಚುವರಿ ಸಾಲು, ನಾಲ್ಕು ಬಟನ್: ಪ್ರಯಾರಿಟಿ, ಇಮಿಡಿಯೇಟ್, ಫ್ಲ್ಯಾಶ್, ಫ್ಲ್ಯಾಶ್ ಓವರ್‌ರೈಡ್. ಯಾವ ಬಟನ್ನೂ ಒತ್ತದಿದ್ರೆ ನಿಮ್ಮದು ಮಾಮೂಲಿ ಕರೆ, ರೂಟೀನ್. ಲೈನ್ ಎಲ್ಲ ತುಂಬಿರುವಾಗ ಯಾರಾದ್ರೂ ಫ್ಲ್ಯಾಶ್ ಒತ್ತಿ ಕರೆ ಮಾಡಿದ್ರೆ, ಕೆಳಗಿನ ದರ್ಜೆಯ ಯಾರದೋ ಮಾತು ಮಧ್ಯದಲ್ಲೇ ಕಟ್. ಕ್ಷಮೆ ಕೇಳೋದೆಲ್ಲ ಇಲ್ಲ. ಫ್ಲ್ಯಾಶ್ ಓವರ್‌ರೈಡ್ ಅಂತೂ ಅಧ್ಯಕ್ಷರು, ರಕ್ಷಣಾ ಕಾರ್ಯದರ್ಶಿ ಥರದ ಬೆರಳೆಣಿಕೆಯ ಜನರಿಗೆ ಮಾತ್ರ.

ಇಲ್ಲಿ ಒಂದು ವಿಷಯ ಗಮನಿಸಿ. ಯಾವ ಲೈನಿಗೆ ಯಾವ ದರ್ಜೆಯವರೆಗೆ ಕರೆ ಮಾಡೋ ಅಧಿಕಾರ ಅನ್ನೋದನ್ನ ಎಕ್ಸ್‌ಚೇಂಜ್‌ನಲ್ಲೇ ಮೊದಲೇ ನಿಗದಿ ಮಾಡಿರ್ತಿದ್ರು. ಅಡುಗೆ ಮನೆಯ ಸಿಪಾಯಿ ಫ್ಲ್ಯಾಶ್ ಬಟನ್ ಎಷ್ಟು ಒತ್ತಿದ್ರೂ ಪ್ರಯೋಜನ ಇಲ್ಲ. ಅಂದ್ರೆ ಕೇಳೋದು ಫೋನಿನ ಕೆಲಸ, ನಂಬೋದು ಎಕ್ಸ್‌ಚೇಂಜಿನ ಕೆಲಸ. ಎರಡೂ ಬೇರೆ ಬೇರೆ.

ನಮ್ಮಲ್ಲೂ ಇದರ ಸೋದರಸಂಬಂಧಿ ಒಂದಿತ್ತು. ಎಸ್‌ಟಿಡಿ ಬರೋ ಮುಂಚೆ ಟ್ರಂಕ್ ಕಾಲ್ ಬುಕ್ ಮಾಡಬೇಕಿತ್ತು. ಆರ್ಡಿನರಿ, ಅರ್ಜೆಂಟ್, ಲೈಟ್ನಿಂಗ್ ಅಂತ ದರ್ಜೆಗಳು. ಮನೆಯಲ್ಲಿ ತಾತ ಅಜ್ಜಿ ಇದ್ರೆ ಕೇಳಿ ನೋಡಿ. ಊರಲ್ಲಿ ಯಾರಿಗೋ ಸೀರಿಯಸ್ ಅಂದಾಗ ಅರ್ಜೆಂಟ್ ಕಾಲ್ ಹಾಕಿ ಪೋಸ್ಟ್ ಆಫೀಸಿನ ಬೆಂಚಿನ ಮೇಲೆ ಕಾದ ಕಥೆ ಅವರ ಹತ್ರ ಇರುತ್ತೆ. ಆದ್ರೆ ನಮ್ಮಲ್ಲಿ ಅರ್ಜೆಂಟ್ ಅನ್ನೋದಕ್ಕೆ ದರ್ಜೆ ಬೇಕಿರಲಿಲ್ಲ, ದುಡ್ಡು ಬೇಕಿತ್ತು. ಲೈಟ್ನಿಂಗ್‌ಗೆ ಮಾಮೂಲಿ ಕರೆಯ ಹಲವು ಪಟ್ಟು ದರ. ಸುಳ್ಳು ಅರ್ಜೆಂಟನ್ನ ತಡೆಯೋಕೆ ಬಿಲ್ಲೇ ಬೇಲಿ.

ಈಗ ಇಂಟರ್ನೆಟ್‌ಗೆ ಬರೋಣ. 1981ರ ಸೆಪ್ಟೆಂಬರ್‌ನಲ್ಲಿ ಆರ್‌ಎಫ್‌ಸಿ 791 ಅನ್ನೋ ದಾಖಲೆ ಬಂತು. ಇಂಟರ್ನೆಟ್ ಪ್ರೊಟೊಕಾಲ್ ಅಂದ್ರೆ ಏನು, ಪ್ಯಾಕೆಟ್ಟಿನ ತಲೆಬರಹದಲ್ಲಿ ಏನೇನು ಇರಬೇಕು ಅಂತ ಹೇಳೋ ದಾಖಲೆ ಅದು. ಸಂಪಾದಿಸಿದ್ದು ಜಾನ್ ಪೋಸ್ಟೆಲ್. ದುಡ್ಡು ಬಂದಿದ್ದು ಅಮೆರಿಕದ ರಕ್ಷಣಾ ಇಲಾಖೆಯ ಸಂಶೋಧನಾ ಸಂಸ್ಥೆ ಡಾರ್ಪಾದಿಂದ. ಅದರಲ್ಲಿ 8 ಬಿಟ್‌ನ ಒಂದು ಜಾಗಕ್ಕೆ ‘ಟೈಪ್ ಆಫ್ ಸರ್ವಿಸ್’ ಅಂತ ಹೆಸರಿಟ್ಟರು. ಅದರ ಮೊದಲ 3 ಬಿಟ್ ಆದ್ಯತೆಗೆ. ಮೂರು ಬಿಟ್ ಅಂದ್ರೆ 8 ದರ್ಜೆ. ಸೊನ್ನೆ ರೂಟೀನ್, ಒಂದು ಪ್ರಯಾರಿಟಿ, ಎರಡು ಇಮಿಡಿಯೇಟ್, ಮೂರು ಫ್ಲ್ಯಾಶ್, ನಾಲ್ಕು ಫ್ಲ್ಯಾಶ್ ಓವರ್‌ರೈಡ್. ಹೆಸರುಗಳು ಎಲ್ಲೋ ಕೇಳಿದ ಹಾಗಿವೆ ಅಲ್ವಾ? ಅದೇ ಸೇನೆಯ ಬಟನ್ನುಗಳು. ಐದಕ್ಕೆ ಕ್ರಿಟಿಕ್ ಅಂತ ಕರೆದು, ಆರು ಏಳನ್ನ ಜಾಲದ ಸ್ವಂತ ನಿರ್ವಹಣೆಗೆ ಮೀಸಲಿಟ್ಟರು.

ಬಟನ್ ಬಂತು, ಎಕ್ಸ್‌ಚೇಂಜ್ ಬರಲಿಲ್ಲ. ಈ 3 ಬಿಟ್‌ನಲ್ಲಿ ಯಾರು ಏನು ಬರೆದ್ರೂ ಪರಿಶೀಲಿಸೋ ವ್ಯವಸ್ಥೆ ಇಂಟರ್ನೆಟ್‌ನಲ್ಲಿ ಇರಲಿಲ್ಲ. ಸೇನೆಯಲ್ಲಿ ಕರ್ನಲ್ ಯಾರು ಅಂತ ಎಲ್ಲರಿಗೂ ಗೊತ್ತು. ವಿಶ್ವವಿದ್ಯಾಲಯದ ಕಂಪ್ಯೂಟರುಗಳಲ್ಲಿ ಕರ್ನಲ್ ಯಾರು? ಹಾಗಾಗಿ ಬಹುತೇಕ ಎಲ್ಲರೂ ಅಲ್ಲಿ ಸೊನ್ನೆ ಬಿಟ್ಟು ಸುಮ್ಮನಾದ್ರು. ರೂಟರುಗಳೂ ಅತ್ತ ತಿರುಗಿ ನೋಡಲಿಲ್ಲ.

ನೋಡೋ ಪರಿಸ್ಥಿತಿ ಬಂದಿದ್ದು 1986ರಲ್ಲಿ. ಆ ಅಕ್ಟೋಬರ್‌ನಲ್ಲಿ ಲಾರೆನ್ಸ್ ಬರ್ಕ್‌ಲಿ ಪ್ರಯೋಗಾಲಯಕ್ಕೂ ಬರ್ಕ್‌ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯಕ್ಕೂ ನಡುವಿನ ವೇಗ ಸೆಕೆಂಡಿಗೆ 32 ಸಾವಿರ ಬಿಟ್‌ನಿಂದ 40 ಬಿಟ್‌ಗೆ ಕುಸಿಯಿತು. 40 ಸಾವಿರ ಅಲ್ಲ, ಬರೀ 40. ಎರಡೂ ಜಾಗದ ನಡುವೆ ಇರೋದು 400 ಗಜ. ಎದ್ದು ನಡೆದುಕೊಂಡು ಹೋಗಿ ಹೇಳಿ ಬಂದಿದ್ರೆ ಬೇಗ ಆಗ್ತಿತ್ತು. ಇದನ್ನ ಬೆನ್ನು ಹತ್ತಿದ ವ್ಯಾನ್ ಜೇಕಬ್‌ಸನ್, ಜಾಲ ತುಂಬಿದಾಗ ಕಳಿಸೋ ಕಂಪ್ಯೂಟರುಗಳೇ ತಮ್ಮ ವೇಗ ತಗ್ಗಿಸಿಕೊಳ್ಳೋ ವಿಧಾನ ಕಂಡುಹಿಡಿದು 1988ರಲ್ಲಿ ಪ್ರಕಟಿಸಿದ್ರು. ಅದು ಇಂದಿಗೂ ಇಂಟರ್ನೆಟ್ಟನ್ನ ಕಾಯ್ತಿರೋ ದೊಡ್ಡ ಕೆಲಸ, ಅದಕ್ಕೇ ಒಂದು ಸಂಚಿಕೆ ಬೇಕು.

ಅದೇ ಸಮಯಕ್ಕೆ ಅಮೆರಿಕದ ಸೂಪರ್ ಕಂಪ್ಯೂಟರ್ ಕೇಂದ್ರಗಳನ್ನ ಜೋಡಿಸೋ ಎನ್‌ಎಸ್‌ಎಫ್‌ನೆಟ್ ಅನ್ನೋ ಜಾಲ ಶುರುವಾಗಿತ್ತು. ಅದರ ಮುಖ್ಯ ಕೊಂಡಿಗಳ ವೇಗ ಸೆಕೆಂಡಿಗೆ 56 ಸಾವಿರ ಬಿಟ್. ಒಂದು ಲೆಕ್ಕ ಹಾಕಿ ನೋಡೋಣ. 1500 ಬೈಟಿನ ದೊಡ್ಡ ಪ್ಯಾಕೆಟ್ ಒಂದು ಆ ತಂತಿ ಮೇಲೆ ಹೋಗೋಕೆ ಹತ್ತಿರ ಹತ್ತಿರ ಕಾಲು ಸೆಕೆಂಡ್ ಬೇಕು. ಯಾರೋ ದೊಡ್ಡ ಫೈಲ್ ಕಳಿಸ್ತಿದ್ದಾರೆ ಅಂದ್ಕೊಳ್ಳಿ, ಇಂಥ ಹತ್ತು ಪ್ಯಾಕೆಟ್ ಸಾಲಾಗಿ ನಿಂತಿವೆ. ಅದರ ಹಿಂದೆ ನೀವು ಟೆಲ್ನೆಟ್‌ನಲ್ಲಿ ಕೂತು ಟೈಪ್ ಮಾಡ್ತಿದ್ದೀರಿ. ಆಗೆಲ್ಲ ಒತ್ತಿದ ಅಕ್ಷರ ದೂರದ ಕಂಪ್ಯೂಟರಿಗೆ ಹೋಗಿ ವಾಪಸ್ ಬಂದ ಮೇಲೇ ಪರದೆ ಮೇಲೆ ಕಾಣ್ತಿದ್ದಿದ್ದು. ಒಂದು ಅಕ್ಷರಕ್ಕೆ ಎರಡು ಸೆಕೆಂಡಿಗೂ ಹೆಚ್ಚು! ಫೈಲ್ ಕಳಿಸೋನಿಗೆ ಎರಡು ಸೆಕೆಂಡ್ ಹೆಚ್ಚು ಕಮ್ಮಿ ಆದ್ರೆ ಏನೂ ನಷ್ಟ ಇಲ್ಲ. ಟೈಪ್ ಮಾಡೋನಿಗೆ ಹುಚ್ಚು ಹಿಡಿಯುತ್ತೆ.

ಆ ಜಾಲದ ರೂಟರುಗಳ ತಂತ್ರಾಂಶ ಬರೆದಿದ್ದು ಡೆಲಾವೇರ್ ವಿಶ್ವವಿದ್ಯಾಲಯದ ಡೇವಿಡ್ ಮಿಲ್ಸ್. ಕಂಪ್ಯೂಟರುಗಳ ಗಡಿಯಾರಗಳನ್ನ ಹೊಂದಿಸೋ ಎನ್‌ಟಿಪಿ ಕೊಟ್ಟೋರೂ ಅವರೇ. 2024ರ ಜನವರಿಯಲ್ಲಿ ತೀರಿಕೊಂಡ್ರು. ಅವರ ರೂಟರುಗಳಿಗೆ ಫಜ್‌ಬಾಲ್ ಅಂತ ಮುದ್ದು ಹೆಸರು. ಮಿಲ್ಸ್ ಏನು ಮಾಡಿದ್ರು ಅಂದ್ರೆ, ಫಜ್‌ಬಾಲ್ ಒಳಗೆ ಒಂದೇ ಸಾಲಿನ ಬದಲು ಆದ್ಯತೆಯ ಸಾಲುಗಳನ್ನ ಮಾಡಿ, ಟೆಲ್ನೆಟ್ ಥರ ಮನುಷ್ಯ ಎದುರಿಗೆ ಕೂತು ಕಾಯೋ ಸಂಚಾರವನ್ನ ಮುಂದಕ್ಕೆ ಬಿಟ್ರು. ಫೈಲುಗಳು ಹಿಂದೆ. ಕಳಿಸೋರು ಗುರುತು ಹಾಕಲಿ ಅಂತ ಕಾಯ್ತಾ ಕೂರಲಿಲ್ಲ, ಪೋರ್ಟ್ ಸಂಖ್ಯೆ ನೋಡಿ ರೂಟರೇ ಪತ್ತೆ ಹಚ್ತಿತ್ತು. ಇದನ್ನ ಡಂಗುರ ಸಾರಲೂ ಇಲ್ಲ. ಸಾರಿದ್ರೆ ಏನಾಗ್ತಿತ್ತು ಅಂತ ಊಹಿಸೋಕೆ ಕಷ್ಟ ಇಲ್ಲ. ನಾಳೆಯಿಂದ ಎಲ್ಲ ಫೈಲುಗಳೂ ಟೆಲ್ನೆಟ್ ವೇಷದಲ್ಲೇ ಬರ್ತಿದ್ವು.

1988ರ ಜುಲೈನಲ್ಲಿ ಆ ಕೊಂಡಿಗಳ ಬದಲಿಗೆ ಸೆಕೆಂಡಿಗೆ 15 ಲಕ್ಷ ಬಿಟ್‌ನ ಹೊಸ ಕೊಂಡಿ ಬಂತು. ರಸ್ತೆ ಅಗಲ ಆಯ್ತು, ಆಂಬುಲೆನ್ಸ್ ಲೇನಿನ ಅಗತ್ಯ ಹೋಯ್ತು. ಈ ಮಾತು ನೆನಪಿಟ್ಟುಕೊಳ್ಳಿ, ಮತ್ತೆ ಬರುತ್ತೆ.

1990ರ ದಶಕದ ಮೊದಲ ಭಾಗದಲ್ಲಿ ಜಾಲದ ಮೇಲೆ ಧ್ವನಿ, ವಿಡಿಯೋ ಹರಿಯೋಕೆ ಶುರುವಾದಾಗ ಹಳೇ ಭಯ ಮರಳಿತು. 1994ರಲ್ಲಿ ಹಾನ್ಸ್-ವರ್ನರ್ ಬ್ರೌನ್, ಕಿಂಬರ್ಲಿ ಕ್ಲಾಫಿ ಸೇರಿದಂತೆ ನಾಲ್ವರು ಒಂದು ಪ್ರಬಂಧ ಬರೆದ್ರು: ಆ ಹಳೇ 3 ಬಿಟ್ ಇದೆಯಲ್ಲ, ಅದನ್ನೇ ಬಳಸೋಣ, ಆದ್ರೆ ಯಾರೂ ಎಲ್ಲಾದಕ್ಕೂ ಅರ್ಜೆಂಟ್ ಅಂತ ಬರೀದ ಹಾಗೆ ಕೋಟಾ ಇಡೋಣ ಅಂತ. ರೇಷನ್ ಕಾರ್ಡ್ ಥರ. ಎಲ್ಲರೂ ಪಲ್ಲಕ್ಕಿ ಏರಿದ್ರೆ ಹೊರೋರು ಯಾರು ಅನ್ನೋ ನಮ್ಮ ಗಾದೆ ಅವರಿಗೆ ಗೊತ್ತಿರಲಿಕ್ಕಿಲ್ಲ, ಆದ್ರೆ ಸಮಸ್ಯೆ ಅದೇ. ಆ ಪ್ರಸ್ತಾವ ದೊಡ್ಡದಾಗಿ ಜಾರಿಗೆ ಬರಲಿಲ್ಲ.

ಅದರ ಜೊತೆಜೊತೆಗೇ ಇನ್ನೊಂದು ಪ್ರಯತ್ನ, ಸೀಟ್ ರಿಸರ್ವೇಶನ್ ಥರದ್ದು. ಕರೆ ಶುರುವಾಗೋ ಮುಂಚೆ ದಾರಿಯ ಪ್ರತಿ ರೂಟರ್ ಹತ್ರಾನೂ ಇಷ್ಟು ಜಾಗ ಕಾಯ್ದಿರಿಸು ಅಂತ ಕೇಳೋದು. ಆರ್‌ಎಸ್‌ವಿಪಿ ಅಂತ ಇದರ ಹೆಸರು, 1997ರಲ್ಲಿ ಮಾನದಂಡ ಆಯ್ತು. ಚೆನ್ನಾಗೇ ಇದೆ. ಆದ್ರೆ ಜಾಲದ ನಟ್ಟನಡುವಿನ ರೂಟರಿನ ಮೂಲಕ ಒಂದೇ ಸಮಯಕ್ಕೆ ಲಕ್ಷಾಂತರ ಸಂಭಾಷಣೆ ಹಾದು ಹೋಗ್ತಾ ಇರ್ತಾವೆ. ಪ್ರತಿಯೊಂದರದ್ದೂ ಲೆಕ್ಕ ಇಟ್ಟುಕೊಳ್ಳೋದು ಆಗದ ಮಾತು.

ಕೊನೆಗೆ 1998ರ ಡಿಸೆಂಬರ್‌ನಲ್ಲಿ ಬಂದಿದ್ದೇ ಇವತ್ತಿಗೂ ನಡೀತಿರೋ ಪದ್ಧತಿ, ಡಿಫ್‌ಸರ್ವ್. ಹಳೇ 8 ಬಿಟ್‌ನ ಜಾಗಕ್ಕೆ ಹೊಸ ಬೋರ್ಡ್ ಹಾಕಿ, ಅದರಲ್ಲಿ 6 ಬಿಟ್ಟನ್ನ ಗುರುತಿಗೆ ಕೊಟ್ರು. ಆ ಗುರುತಿಗೆ ಡಿಎಸ್‌ಸಿಪಿ ಅಂತ ಹೆಸರು. 6 ಬಿಟ್ ಅಂದ್ರೆ 64 ಗುರುತು. ಉಳಿದ 2 ಬಿಟ್ಟನ್ನ 2001ರಲ್ಲಿ ಬೇರೆ ಕೆಲಸಕ್ಕೆ ಕೊಟ್ರು, ಅದರ ಕಥೆ ಕೊನೆಗೆ. ಈ ಪದ್ಧತಿಯ ಜಾಣತನ ಏನು ಅಂದ್ರೆ, ಒಬ್ಬೊಬ್ಬರ ಲೆಕ್ಕ ಇಡೋ ತಾಪತ್ರಯ ನಡುವಿನ ರೂಟರಿಗೆ ಬೇಡ, ಅದು ಬರೀ ಗುರುತು ನೋಡಿ ಸಾಲು ಆರಿಸಿದ್ರೆ ಸಾಕು. ಯಾರು ಏನು ಬರೀಬಹುದು, ಎಷ್ಟು ಬರೀಬಹುದು ಅಂತ ತಪಾಸಣೆ ಮಾಡೋದು ಅಂಚಿನಲ್ಲಿ, ಅಂದ್ರೆ ಪ್ಯಾಕೆಟ್ ಜಾಲದೊಳಗೆ ಕಾಲಿಡೋ ಬಾಗಿಲಲ್ಲಿ. ಧ್ವನಿಗೆ ಅಂತ ನಿಗದಿಯಾದ ಗುರುತು 46. ಅದನ್ನ ಬೈನರಿಯಲ್ಲಿ ಬರೆದ್ರೆ ಮೊದಲ 3 ಬಿಟ್ 101, ಅಂದ್ರೆ 5. ಹಳೇ ಸೇನಾ ಪಟ್ಟಿಯಲ್ಲಿ ಕ್ರಿಟಿಕ್ ಕೂತಿದ್ದ ಮನೆ! ಹಳೇ ಉಪಕರಣಗಳಿಗೂ ಸುಮಾರಾಗಿ ಅರ್ಥ ಆಗಲಿ ಅಂತ ಹೊಸ ಗುರುತುಗಳನ್ನ ಹಳೇ ದರ್ಜೆಗಳ ಮೇಲೇ ಕಟ್ಟಿದ್ರು. ನಿಮ್ಮ ವಾಯ್ಸ್ ಕಾಲ್ ಪ್ಯಾಕೆಟ್ಟಿನ ಮೈಮೇಲೆ 1960ರ ದಶಕದ ಸೇನೆಯ ಹಚ್ಚೆ ಇನ್ನೂ ಇದೆ ಅಂತಾಯ್ತು.

ಸರಿ, ಬಾಗಿಲಲ್ಲಿ ತಪಾಸಣೆ ಅಂದೆ. ಆ ಬಾಗಿಲು ಯಾವುದು? ಆಫೀಸು, ಕಾಲೇಜು, ಆಸ್ಪತ್ರೆಗಳಲ್ಲಿ ಅದು ಗೋಡೆ ಮೂಲೆಯ ಬೀರುವಿನೊಳಗೆ ಹಸಿರು ದೀಪ ಮಿಣುಕಿಸ್ತಾ ಕೂತಿರೋ ಸ್ವಿಚ್. ಎಲ್ಲರ ಕೇಬಲ್ಲೂ ಬಂದು ಸೇರೋದು ಅಲ್ಲಿಗೆ. ಸ್ವಿಚ್ಚಿನದ್ದು ಒಂದು ತೊಡಕಿತ್ತು. ಅದು ಓದೋದು ಈಥರ್ನೆಟ್ಟಿನ ಚೌಕಟ್ಟನ್ನ, ಅಂದ್ರೆ ಲಕೋಟೆಯನ್ನ. ಐಪಿ ಗುರುತು ಇರೋದು ಲಕೋಟೆ ಒಳಗಿನ ಕಾಗದದ ಮೇಲೆ. ಹಳೇ ಈಥರ್ನೆಟ್ ಲಕೋಟೆ ಮೇಲೆ ಆದ್ಯತೆ ಬರೆಯೋಕೆ ಜಾಗವೇ ಇರಲಿಲ್ಲ. ಅದಕ್ಕೆ 1998ರಲ್ಲಿ ಈಥರ್ನೆಟ್ ಮಾನದಂಡದವರು 4 ಬೈಟಿನ ಒಂದು ಚೀಟಿ ಸೇರಿಸಿದ್ರು. ಅದರಲ್ಲಿ 12 ಬಿಟ್ ಇದು ಯಾವ ವಿಲ್ಯಾನ್‌ಗೆ ಸೇರಿದ್ದು ಅಂತ ಹೇಳೋಕೆ, 3 ಬಿಟ್ ಆದ್ಯತೆಗೆ. ಇದನ್ನ ಕೆಲಸಗಾರರ ಭಾಷೆಯಲ್ಲಿ 802.1ಪಿ ಅಂತಾರೆ, ಸಿಒಎಸ್ ಅಂತಾನೂ ಅಂತಾರೆ. ಮತ್ತೆ ಎಂಟೇ ದರ್ಜೆ. ಒಂದು ತಮಾಷೆ: ಇದರಲ್ಲಿ ಸೊನ್ನೆಗಿಂತ ಒಂದು ಕೆಳಗೆ. ಸೊನ್ನೆ ಅಂದ್ರೆ ಮಾಮೂಲಿ, ಒಂದು ಅಂದ್ರೆ ಹಿನ್ನೆಲೆಯಲ್ಲಿ ನಡೆಯೋ ಕೆಲಸ, ಎಲ್ಲರೂ ಹೋದ ಮೇಲೆ ಹೋಗು ಅಂತ. ಐಪಿಯ ಹಳೇ ಪಟ್ಟಿಯಲ್ಲಿ ಒಂದು ಅಂದ್ರೆ ಪ್ರಯಾರಿಟಿ, ಸೊನ್ನೆಗಿಂತ ಮೇಲೆ! ಒಂದೇ ಅಂಕಿ, ಎರಡು ಊರಲ್ಲಿ ಎರಡು ಅರ್ಥ.

ಸ್ವಿಚ್ ಒಳಗೆ ನಡೆಯೋದು ಇಷ್ಟು. ಪ್ಯಾಕೆಟ್ ಒಂದು ಪೋರ್ಟಿಂದ ಒಳಗೆ ಬಂತು. ಸ್ವಿಚ್ ಮೊದಲು ಕೇಳಿಕೊಳ್ಳೋದು, ಈ ಪೋರ್ಟಿನಲ್ಲಿ ಬಂದ ಗುರುತನ್ನ ನಂಬಲಾ ಬೇಡವಾ? ನಂಬೋದಾದ್ರೆ ಗುರುತು ಹಾಗೇ ಇರುತ್ತೆ. ಇಲ್ಲದಿದ್ರೆ ಅಳಿಸಿ ಸೊನ್ನೆ ಬರೆಯುತ್ತೆ. ಆಮೇಲೆ ಒಂದು ಕೋಷ್ಟಕ ನೋಡಿ, ಈ ಗುರುತಿಗೆ ಹೊರಗೆ ಹೋಗೋ ಪೋರ್ಟಿನ ಎಷ್ಟನೇ ಸಾಲು ಅಂತ ತೀರ್ಮಾನ ಮಾಡುತ್ತೆ. ಒಂದೊಂದು ಪೋರ್ಟಿಗೆ ಸಾಮಾನ್ಯವಾಗಿ 4 ಅಥವಾ 8 ಸಾಲು. ಧ್ವನಿಯ ಸಾಲಿನಲ್ಲಿ ಯಾರಾದ್ರೂ ಇದ್ರೆ ಬೇರೆ ಯಾರಿಗೂ ಅವಕಾಶ ಇಲ್ಲ, ಅದು ಖಾಲಿಯಾದ ಮೇಲೆ ಉಳಿದ ಸಾಲುಗಳಿಗೆ ನಿಗದಿತ ಪಾಲಿನಂತೆ ಸರದಿ. ಧ್ವನಿಯ ಸಾಲಿಗೆ ಮಿತಿ ಹಾಕದೆ ಬಿಟ್ಟು, ಯಾರೋ ಒಬ್ಬ ತನ್ನ ಸಿನಿಮಾ ಡೌನ್‌ಲೋಡಿಗೆ 46 ಅಂತ ಬರೆದುಕೊಂಡ್ರೆ? ಉಳಿದ ಆಫೀಸೆಲ್ಲ ಕೈಕಟ್ಟಿ ಕೂರಬೇಕು. ಹಾಗಾಗಿ ಮಿತಿ ಕಡ್ಡಾಯ.

ಈಗಿನ ಸ್ವಿಚ್ ಅಷ್ಟು ವೇಗ ಇರುವಾಗ ಇದೆಲ್ಲ ಯಾಕೆ ಬೇಕು ಅಂತ ಕೇಳಬಹುದು. ನ್ಯಾಯವಾದ ಪ್ರಶ್ನೆ. ಸೆಕೆಂಡಿಗೆ ಒಂದು ಗಿಗಾಬಿಟ್ ಹೋಗೋ ತಂತಿ ಮೇಲೆ ಅದೇ 1500 ಬೈಟಿನ ಪ್ಯಾಕೆಟ್ ದಾಟೋಕೆ 12 ಮೈಕ್ರೊಸೆಕೆಂಡ್ ಸಾಕು. ಮನುಷ್ಯನ ಮಾತು ಹದವಾಗಿ ಕೇಳಿಸಬೇಕಾದ್ರೆ ಒಂದು ಬದಿಯಿಂದ ಇನ್ನೊಂದು ಬದಿಗೆ ಸುಮಾರು 150 ಮಿಲಿಸೆಕೆಂಡ್ ಒಳಗೆ ತಲುಪಬೇಕು ಅನ್ನೋದು ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಶಿಫಾರಸು. 12 ಮೈಕ್ರೊಸೆಕೆಂಡ್ ಅದರ ಮುಂದೆ ಧೂಳು. ತೊಂದರೆ ಬರೋದು ಜಾತ್ರೆ ಮುಗಿದಾಗ ಎಲ್ಲರೂ ಒಂದೇ ಬಾಗಿಲಿಗೆ ನುಗ್ಗೋ ಥರ. 24 ಪೋರ್ಟುಗಳ ಸಂಚಾರ ಒಂದೇ ಕ್ಷಣಕ್ಕೆ ಮೇಲಿನ ಒಂದು ಕೊಂಡಿಗೆ ಬಂದು ಬಿದ್ರೆ ಸ್ವಿಚ್ಚಿನ ಮೆಮೊರಿ ತುಂಬಿ ಹೋಗುತ್ತೆ, ಪ್ಯಾಕೆಟ್ ಕೆಳಗೆ ಬೀಳುತ್ತೆ. ಧ್ವನಿ ಪ್ಯಾಕೆಟ್ ಸಾಮಾನ್ಯವಾಗಿ ಸೆಕೆಂಡಿಗೆ 50 ಹೋಗ್ತಾವೆ, ಒಂದೊಂದರಲ್ಲಿ 20 ಮಿಲಿಸೆಕೆಂಡಿನ ಮಾತು. ಸಾಲಾಗಿ ಐದಾರು ಬಿದ್ರೆ ನಿಮ್ಮ ‘ಬೇಡ’ದಲ್ಲಿ ‘ಬೇ’ ಮಾಯ.

ನಂಬೋ ಬಗ್ಗೆ ಈಗ ನಿಜವಾದ ಕಥೆ. 2000ರ ದಶಕದಲ್ಲಿ ಆಫೀಸುಗಳಿಗೆ ಐಪಿ ಫೋನ್ ಬಂತು. ಮೇಜಿನ ಮೇಲೆ ಒಂದೇ ಕೇಬಲ್, ಅದು ಫೋನಿಗೆ ಹೋಗಿ, ಫೋನಿಂದ ಕಂಪ್ಯೂಟರಿಗೆ. ಅಂದ್ರೆ ಫೋನಿನ ಹೊಟ್ಟೆಯಲ್ಲೇ ಒಂದು ಪುಟ್ಟ ಸ್ವಿಚ್ ಇದೆ. ಈ ಮರಿ ಸ್ವಿಚ್ಚಿಗೆ ಒಂದು ಕೆಲಸ ಕೊಟ್ಟಿದ್ರು: ಫೋನಿನ ಮಾತಿಗೆ 5 ಅಂತ ಗುರುತು ಹಾಕು, ಹಿಂದಿರೋ ಕಂಪ್ಯೂಟರ್ ಏನೇ ಗುರುತು ಹಾಕಿ ಕಳಿಸಿದ್ರೂ ಅಳಿಸಿ ಸೊನ್ನೆ ಮಾಡು. ದೊಡ್ಡ ಸ್ವಿಚ್ ಫೋನನ್ನ ನಂಬುತ್ತೆ, ಕಂಪ್ಯೂಟರನ್ನ ನಂಬಲ್ಲ. ಸಿಸ್ಕೋ ಸ್ವಿಚ್ಚಿನಲ್ಲಂತೂ ಆ ಕಡೆ ಇರೋದು ನಿಜವಾಗ್ಲೂ ತಮ್ಮದೇ ಫೋನಾ ಅಂತ ಪರೀಕ್ಷಿಸಿ, ಹೌದು ಅನ್ನಿಸಿದ್ರೆ ಮಾತ್ರ ನಂಬೋ ಹಾಗೆ ಹೊಂದಿಸಬಹುದಿತ್ತು. ಫೋನ್ ಕಿತ್ತ ಕೂಡಲೇ ನಂಬಿಕೆಯೂ ರದ್ದು.

ಆ ಕಾಲದ ಕ್ಯಾಟಲಿಸ್ಟ್ 3560, 3750 ಸ್ವಿಚ್ಚುಗಳಲ್ಲಿ ಇನ್ನೊಂದು ಗುಣ ಇತ್ತು, ನೆಟ್‌ವರ್ಕ್ ಎಂಜಿನಿಯರುಗಳು ಇಂದಿಗೂ ಮರೀದಂಥದ್ದು. ಕ್ಯೂಒಎಸ್ ಅನ್ನೋ ಸೌಲಭ್ಯ ಆಫ್ ಇದ್ದಾಗ ಅವು ಗುರುತುಗಳನ್ನ ಮುಟ್ಟದೆ ಹಾಗೇ ದಾಟಿಸ್ತಿದ್ವು. ಕರೆಗಳ ಗುಣಮಟ್ಟ ಸುಧಾರಿಸೋಣ ಅಂತ ಒಬ್ಬರು ಒಂದು ಕಮಾಂಡ್ ಕೊಟ್ಟು ಅದನ್ನ ಆನ್ ಮಾಡಿದ್ರು ಅಂದ್ಕೊಳ್ಳಿ. ಆ ಕ್ಷಣದಿಂದ ನಂಬು ಅಂತ ಹೇಳದ ಪ್ರತಿ ಪೋರ್ಟಿನಲ್ಲೂ ಗುರುತು ಸೊನ್ನೆ! ಸುಧಾರಿಸೋಕೆ ಹೋಗಿ ಕರೆಗಳು ಮೊದಲಿಗಿಂತ ಹದಗೆಟ್ಟವು. ನಂಬು ಅಂತ ಹೇಳಿದ ಮೇಲೂ ಕೋಷ್ಟಕ ನೋಡಬೇಕಿತ್ತು. ಲಕೋಟೆಯ ಮೇಲಿನ 5ನ್ನ ಒಳಗಿನ ಗುರುತಿಗೆ ಬದಲಾಯಿಸುವಾಗ ಅದು ಎಂಟರಿಂದ ಗುಣಿಸಿ 40 ಮಾಡ್ತಿತ್ತು. ಧ್ವನಿಗೆ ಬೇಕಿದ್ದದ್ದು 46. ಕೈಯಾರೆ ತಿದ್ದಬೇಕಿತ್ತು. ನನ್ನ ಪ್ರಕಾರ ಆ ಸ್ವಿಚ್ ಮಾಡಿದ್ದು ತಪ್ಪಲ್ಲ. ಹೇಳದ ಹೊರತು ಯಾರನ್ನೂ ನಂಬಬೇಡ ಅನ್ನೋದು ಸರಿಯಾದ ನಿಲುವೇ. ಆದ್ರೆ ಅದನ್ನ ದಪ್ಪ ಅಕ್ಷರದಲ್ಲಿ ಹೇಳಬೇಕಿತ್ತು.

ಕಂಪ್ಯೂಟರುಗಳ ಒಳಗೂ ಇದೇ ಅಪನಂಬಿಕೆ. ವಿಂಡೋಸ್ 2000 ನಂತರ, ಒಂದು ಆ್ಯಪ್ ತನ್ನ ಪ್ಯಾಕೆಟ್ಟಿಗೆ ಹಳೇ ವಿಧಾನದಲ್ಲಿ ಗುರುತು ಹಾಕು ಅಂತ ಕೇಳಿದ್ರೆ ವಿಂಡೋಸ್ ಸುಮ್ಮನೆ ತಲೆಯಾಡಿಸಿ, ಏನೂ ಹಾಕದೆ ಕಳಿಸ್ತಿತ್ತು. ತನ್ನ ಮನೆಯ ಮಕ್ಕಳನ್ನೇ ಅದು ನಂಬಲಿಲ್ಲ.

ಆಫೀಸಿನೊಳಗೆ ಸರಿ, ಅಲ್ಲಿ ಒಬ್ಬ ಯಜಮಾನ ಇರ್ತಾನೆ. ಊರಿಂದ ಊರಿಗೆ, ಕಂಪನಿಯಿಂದ ಕಂಪನಿಗೆ ಹೋಗೋ ಇಂಟರ್ನೆಟ್‌ನಲ್ಲಿ? ಅಮೆರಿಕದ ವಿಶ್ವವಿದ್ಯಾಲಯಗಳ ಇಂಟರ್ನೆಟ್2 ಒಕ್ಕೂಟ ಕ್ಯೂಬೋನ್ ಅನ್ನೋ ಯೋಜನೆಯಲ್ಲಿ ಇದನ್ನ ಗಂಭೀರವಾಗಿ ಪ್ರಯತ್ನಿಸಿತು, ಈ ತುದಿಯಿಂದ ಆ ತುದಿಯವರೆಗೆ ಖಾತ್ರಿಯ ಪ್ರೀಮಿಯಂ ಸೇವೆ ಅಂತ. 2002ರಲ್ಲಿ ಅದರಲ್ಲೇ ದುಡಿದ ಬೆನ್ ಟೈಟಲ್‌ಬಾಮ್ ಮತ್ತು ಸ್ಟಾನಿಸ್ಲಾವ್ ಶಲುನೋವ್, ಇದು ಯಾಕೆ ಜಾರಿಯಾಗಲಿಲ್ಲ, ಬಹುಶಃ ಮುಂದೆಯೂ ಯಾಕೆ ಆಗಲ್ಲ ಅಂತ ಬಿಚ್ಚುಮನಸ್ಸಿನ ಪ್ರಬಂಧ ಬರೆದ್ರು. ಖಾತ್ರಿ ಅಂದ ಮೇಲೆ ದಾರಿಯ ಪ್ರತಿಯೊಬ್ಬರೂ ಒಪ್ಪಬೇಕು, ಎಲ್ಲ ಗಡಿಯಲ್ಲೂ ತಪಾಸಣೆ ಇಡಬೇಕು, ಒಬ್ಬ ಕೈಕೊಟ್ರೂ ಎಲ್ಲ ವ್ಯರ್ಥ. ಅಷ್ಟು ಖರ್ಚು ಮಾಡೋ ಬದಲು ಕೊಂಡಿಯ ಸಾಮರ್ಥ್ಯ ಹೆಚ್ಚಿಸೋದೇ ಅಗ್ಗ. ನೆನಪಿಟ್ಟುಕೊಳ್ಳಿ ಅಂದಿದ್ದೆನಲ್ಲ, ರಸ್ತೆ ಅಗಲ ಮಾಡೋ ವಾದ ಮತ್ತೆ ಗೆದ್ದಿತು. ಇವತ್ತಿಗೂ ಎಷ್ಟೋ ಕಂಪನಿಗಳ ಗಡಿ ದಾಟುವಾಗ ನಿಮ್ಮ ಗುರುತನ್ನ ಅಳಿಸಿ ಸೊನ್ನೆ ಮಾಡೋದು ಮಾಮೂಲು. ಇದಕ್ಕೆ ಬ್ಲೀಚಿಂಗ್ ಅಂತಾನೇ ಹೆಸರು, ಬಟ್ಟೆಯ ಕಲೆ ತೆಗೆದ ಹಾಗೆ.

ಸ್ವಯಂಘೋಷಣೆಯನ್ನ ನಂಬೋದರ ಬಗ್ಗೆ ಎಂಜಿನಿಯರುಗಳೇ ಮಾಡಿದ ಒಂದು ಜೋಕ್ ಇದೆ. 2003ರ ಏಪ್ರಿಲ್ 1ರಂದು ಭದ್ರತಾ ತಜ್ಞ ಸ್ಟೀವ್ ಬೆಲೋವಿನ್ ಆರ್‌ಎಫ್‌ಸಿ 3514 ಪ್ರಕಟಿಸಿದ್ರು. ಕೆಟ್ಟ ಉದ್ದೇಶದ ಪ್ಯಾಕೆಟ್ಟುಗಳೆಲ್ಲ ತಮ್ಮ ಮೇಲೆ ಒಂದು ‘ದುಷ್ಟ ಬಿಟ್’ ಹಾಕಿಕೊಂಡು ಬರತಕ್ಕದ್ದು, ಆಗ ಫೈರ್‌ವಾಲುಗಳ ಕೆಲಸ ಸುಲಭ ಅಂತ. ದಿನಾಂಕ ನೋಡಿದ್ರಲ್ಲ.

ಇನ್ನು ವೈಫೈ. ಇಲ್ಲಿ ನಂಬಿಕೆ ಇದ್ದೂ ಮೋಸ ಆದ ಕಥೆ. 2005ರ 802.11ಇ ಮಾನದಂಡದಲ್ಲಿ ವೈಫೈಗೆ ನಾಲ್ಕು ವರ್ಗ ಬಂತು: ಧ್ವನಿ, ವಿಡಿಯೋ, ಮಾಮೂಲಿ, ಹಿನ್ನೆಲೆ. ಅದರ ಲೆಕ್ಕದಲ್ಲಿ ಧ್ವನಿಗೆ 6 ಮತ್ತು 7, ವಿಡಿಯೋಗೆ 4 ಮತ್ತು 5. ಬಹಳಷ್ಟು ಉಪಕರಣಗಳು ಐಪಿ ಗುರುತಿನ ಮೊದಲ 3 ಬಿಟ್ ತಗೊಂಡು ನೇರವಾಗಿ ವೈಫೈ ಅಂಕಿ ಮಾಡಿಬಿಡ್ತಿದ್ವು. 46ರ ಮೊದಲ 3 ಬಿಟ್ ಎಷ್ಟು? 5. ಅಂದ್ರೆ ಸರಿಯಾಗಿ ಗುರುತು ಹಾಕಿದ, ದಾರಿಯುದ್ದಕ್ಕೂ ನಂಬಿಕೆ ಗಳಿಸಿದ ಧ್ವನಿ, ವೈಫೈಗೆ ಬಂದ ಕೂಡಲೇ ವಿಡಿಯೋ ಸಾಲಿನಲ್ಲಿ ಹೋಗಿ ನಿಲ್ತಿತ್ತು. ಎರಡು ಸಮಿತಿಗಳು ಬೇರೆ ಬೇರೆ ಕೋಣೆಯಲ್ಲಿ ಕೂತು ಬರೆದ ಪಟ್ಟಿಗಳ ಪರಿಣಾಮ ಇದು. ಎರಡನ್ನೂ ಹೊಂದಿಸೋ ಸರಿಯಾದ ಕೋಷ್ಟಕ ಆರ್‌ಎಫ್‌ಸಿ 8325 ಆಗಿ ಬಂದಿದ್ದು 2018ರಲ್ಲಿ.

ಮೊಬೈಲ್ ಜಾಲದವರು ಇದನ್ನೆಲ್ಲ ನೋಡಿ ಬೇರೆ ದಾರಿ ಹಿಡಿದ್ರು, ಒಂದು ರೀತಿ ಆಟೋವಾನ್ ದಾರಿ. 4ಜಿಯಲ್ಲಿ ಪ್ಯಾಕೆಟ್ ಏನು ಬರೆದುಕೊಂಡು ಬಂತು ಅನ್ನೋದು ಮುಖ್ಯ ಅಲ್ಲ, ಯಾವ ಸೇವೆಗೆ ಯಾವ ದರ್ಜೆ ಅಂತ ಜಾಲವೇ ನಿರ್ಧರಿಸುತ್ತೆ. ವೋಲ್ಟಿ ಕರೆ ಮಾಡಿದಾಗ ಅದಕ್ಕಾಗಿ ಪ್ರತ್ಯೇಕ ಕಾಲುವೆ ತೆರೆಯುತ್ತೆ, ಕ್ಯೂಸಿಐ 1 ಅನ್ನೋ ದರ್ಜೆಯದ್ದು, ಖಚಿತ ವೇಗ, 100 ಮಿಲಿಸೆಕೆಂಡ್ ಗುರಿ. ಅದೇ ಫೋನಲ್ಲಿ ವಾಟ್ಸ್ಆ್ಯಪ್ ಕರೆ ಮಾಡಿದ್ರೆ ಅದು ರೀಲ್ಸ್, ಡೌನ್‌ಲೋಡು, ಬ್ಯಾಕಪ್ಪು ಎಲ್ಲ ಹರಿಯೋ ಸಾಮಾನ್ಯ ಕಾಲುವೆಯಲ್ಲೇ ಹೋಗಬೇಕು. ಕ್ರಿಕೆಟ್ ಮ್ಯಾಚ್ ಮುಗಿದು ಜನ ಹೊರಬರುವಾಗ ಮಾಮೂಲಿ ಕರೆ ಸ್ಪಷ್ಟವಾಗಿದ್ದು ವಾಟ್ಸ್ಆ್ಯಪ್ ಕರೆ ತೊದಲೋದಕ್ಕೆ ಇದೂ ಒಂದು ಕಾರಣ.

ಇಲ್ಲಿಂದ ವಿಷಯ ಬರೀ ತಂತ್ರಜ್ಞಾನವಾಗಿ ಉಳಿಯಲ್ಲ. ಕಾಲುವೆಯ ಬೀಗ ಕಂಪನಿ ಕೈಯಲ್ಲಿದ್ದಾಗ, ದುಡ್ಡು ಕೊಟ್ಟ ಆ್ಯಪಿಗೆ ಮುಂದಿನ ಸಾಲು, ಕೊಡದ ಹೊಸ ಹುಡುಗರ ಆ್ಯಪಿಗೆ ಹಿಂದಿನ ಸಾಲು ಅಂತ ಮಾಡಿದ್ರೆ? ಟ್ರಂಕ್ ಕಾಲಿನ ಲೈಟ್ನಿಂಗ್ ದರ ಮತ್ತೆ ಬಂದ ಹಾಗೆ. ಭಾರತದಲ್ಲಿ ಈ ಜಗಳ ಬೀದಿಗೆ ಬಂತು. 2016ರ ಫೆಬ್ರುವರಿ 8ರಂದು ಟ್ರಾಯ್, ಯಾವ ಸೈಟು ನೋಡ್ತೀರಿ ಅನ್ನೋದರ ಮೇಲೆ ಬೇರೆ ಬೇರೆ ದರ ಹಾಕೋದನ್ನ ನಿಷೇಧಿಸಿತು. 2017ರ ನವೆಂಬರ್‌ನಲ್ಲಿ ವೇಗದ ತಾರತಮ್ಯದ ಬಗ್ಗೆ ಶಿಫಾರಸು ಬಂತು: ತಡೆಯೋದು, ನಿಧಾನ ಮಾಡೋದು, ಕೆಲವರಿಗೆ ಮಾತ್ರ ಹೆಚ್ಚು ವೇಗ ಕೊಡೋದು ಸಲ್ಲದು. 2018ರ ಜುಲೈನಲ್ಲಿ ದೂರಸಂಪರ್ಕ ಇಲಾಖೆ ಒಪ್ಪಿತು. ಆದ್ರೆ ಸಮಂಜಸ ಅನ್ನಿಸೋ ಸಂಚಾರ ನಿರ್ವಹಣೆಗೂ, ವಿಶೇಷ ಸೇವೆಗಳಿಗೂ ವಿನಾಯಿತಿ ಇದೆ. ನನಗೆ ಈ ವಿನಾಯಿತಿ ಬೇಕೇ ಬೇಕು ಅನ್ಸುತ್ತೆ, ತುರ್ತು ಕರೆಗೂ ರೀಲ್ಸಿಗೂ ಒಂದೇ ಸಾಲು ಅನ್ನೋದು ಸಮಾನತೆ ಆಗಲ್ಲ. ಅದೇ ಹೊತ್ತಿಗೆ ‘ವಿಶೇಷ’ ಅನ್ನೋ ಪದವೂ ಒಂದು ಸ್ಟಿಕ್ಕರ್ ಅನ್ನೋದನ್ನ ಮರೆಯೋ ಹಾಗಿಲ್ಲ. ಅದನ್ನ ಯಾರು ಅಂಟಿಸ್ತಿದ್ದಾರೆ ಅಂತ ನೋಡ್ತಾನೇ ಇರಬೇಕು.

ಕೊನೆಗೆ, ಆ ಉಳಿದ 2 ಬಿಟ್ಟಿನ ಕಥೆ. 2001ರಲ್ಲಿ ಅದನ್ನ ಜಾಲ ತುಂಬುತ್ತಿದೆ ಅಂತ ಎಚ್ಚರಿಸೋ ಗುರುತಿಗೆ ಬಳಸಿದ್ರು. 2023ರ ಜನವರಿಯಲ್ಲಿ ಎಲ್4ಎಸ್ ಅನ್ನೋ ಹೊಸ ಪದ್ಧತಿಯ ದಾಖಲೆಗಳು ಬಂದ್ವು, ಅದೂ ಇದೇ 2 ಬಿಟ್ ಬಳಸುತ್ತೆ. ಇದರಲ್ಲಿ ಒಂದು ಚಂದದ ಯೋಚನೆ ಇದೆ. ಗುರುತು ಹಾಕಿಕೊಂಡ ಪ್ಯಾಕೆಟ್ಟಿಗೆ ಕಾಯೋ ಸಮಯ ತೀರಾ ಕಡಿಮೆ ಇರೋ ಬೇರೆ ಸಾಲು ಸಿಗುತ್ತೆ, ಆದ್ರೆ ಬೇರೆಯವರಿಗಿಂತ ಹೆಚ್ಚು ವೇಗದ ಪಾಲು ಸಿಗಲ್ಲ. ಜೊತೆಗೆ ಒಂದು ಷರತ್ತು, ಜಾಲ ಎಚ್ಚರಿಸಿದ ಕೂಡಲೇ ಕಳಿಸೋನು ವೇಗ ತಗ್ಗಿಸಬೇಕು. ಸಿನಿಮಾ ಡೌನ್‌ಲೋಡ್ ಮಾಡೋನು ಸುಳ್ಳು ಗುರುತು ಹಾಕಿಕೊಂಡು ಈ ಸಾಲಿಗೆ ಬಂದ್ರೆ ಅವನಿಗೆ ಲಾಭ ಇಲ್ಲ ಅನ್ನೋದು ಇದನ್ನ ಕಟ್ಟಿದವರ ಲೆಕ್ಕ. ಷರತ್ತು ಮುರಿಯೋರನ್ನ ಹಿಡಿಯೋಕೆ ಕಾವಲು ಇನ್ನೂ ಬೇಕು. ಆದ್ರೂ ಐಡಿ ಕಾರ್ಡ್ ಕೇಳೋ ಕೆಲಸ ಮೊದಲ ಸಲ ಸ್ವಲ್ಪ ಕಡಿಮೆ ಆಗಿದೆ.

ಆಸಕ್ತಿ ಇರೋರಿಗೆ ಮನೆಯಲ್ಲೇ ಮಾಡೋ ಒಂದು ಪ್ರಯೋಗ ಹೇಳಿ ಮುಗಿಸ್ತೀನಿ. ಲಿನಕ್ಸ್ ಲ್ಯಾಪ್‌ಟಾಪ್ ಇದ್ರೆ ಪಿಂಗ್ ಕಮಾಂಡಿನಲ್ಲಿ ದೊಡ್ಡ ಕ್ಯೂ ಆಯ್ಕೆ ಬಳಸಿ 184 ಅಂತ ಕೊಡಿ. ಕೊನೆಯ 2 ಬಿಟ್ ಸೇರಿಸಿ ಬರೆದಾಗ 46 ಅನ್ನೋದು 184 ಆಗುತ್ತೆ. ವೈರ್‌ಶಾರ್ಕ್ ತೆರೆದು ನೋಡಿದ್ರೆ ಪ್ಯಾಕೆಟ್ 46ರ ಸ್ಟಿಕ್ಕರ್ ಹಾಕಿಕೊಂಡು ಜಂಬದಿಂದ ಹೊರಡೋದು ಕಾಣುತ್ತೆ. ಹೊರಗಿನ ಯಾವುದಾದ್ರೂ ಸರ್ವರ್ ನಿಮ್ಮ ಕೈಯಲ್ಲಿದ್ರೆ ಆ ತುದಿಯಲ್ಲೂ ನೋಡಿ, ಅದೇ ಪ್ಯಾಕೆಟ್ ಅಲ್ಲಿ ಯಾವ ಅಂಕಿ ಹೊತ್ಕೊಂಡು ಇಳೀತು ಅಂತ. ಸೊನ್ನೆ ಕಂಡ್ರೆ ಆಶ್ಚರ್ಯ ಪಡಬೇಡಿ. ನಿಮಗೆ ಯಾವ ಅಂಕಿ ಸಿಕ್ತು ಅಂತ ಬರೆದು ಕಳಿಸಿ. ಮುಂದಿನ ವಾರ ಸಿಗೋಣ.